ಅತ್ತೆಯ ನೆಗಡಿಗೆ ದೊರೆಗಳ ತರಕಾರಿ

ನಮ್ಮ ಮನೆಯ ಹೊಸ್ತಿಲನ್ನು ಎಂದೂ ದಾಟದಿದ್ದ ವಸ್ತುವೊಂದನ್ನು ಮೊನ್ನೆ ನಾನೇ ಚೀಲದಲ್ಲಿ ಹೊತ್ತು ತಂದೆ. ಅದೇನೆಂದು ನನಗೇ ಗೊತ್ತಿರಲಿಲ್ಲ.

ಅತ್ತೆಗೆ ನೆಗಡಿ, ಜ್ವರ. ಐದು ದಿನದಿಂದ ಗಂಜಿಯನ್ನೂ ಮುಟ್ಟಿರಲಿಲ್ಲ. "ಮೂಗು ಕಟ್ಟಿದೆ ಕಣೇ, ಏನೂ ರುಚಿಸಲ್ಲ" ಎಂದು ಗೋಡೆಯ ಕಡೆ ಹೊರಳುತ್ತಿದ್ದರು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. (ನನಗೆ ಹೆದರಿಕೆಯಾದದ್ದು ಅದನ್ನು ನೋಡಿಯೇ.) ಡಾಕ್ಟರು ಸೂಪ್ ಕೊಡಿ ಎಂದರು.

ಕಾನ್ವೆಂಟಿನಲ್ಲಿ ನಾನು ಕಲಿತದ್ದು ಸದ್ದಾಗದಂತೆ ಸೂಪ್ ಕುಡಿಯುವುದನ್ನು. ಮಾಡುವುದನ್ನು ಯಾವ ಸಿಸ್ಟರೂ ಹೇಳಿಕೊಡಲಿಲ್ಲ.

ಹಲಸೂರಿನಿಂದ ಜಟಕಾ ಹತ್ತಿ ರಸೆಲ್ ಮಾರ್ಕೆಟ್ಟಿಗೆ ಹೋದೆ. ಗುರುತಿನ ತರಕಾರಿ ಸಾಬರು ಬಿಳಿ ದಂಟು, ಅಗಲ ಹಸಿರೆಲೆಯ ಕಟ್ಟೊಂದನ್ನು ಮುಂದಿಟ್ಟರು. "ಲೀಕ್ ಅಂತಾರೆ ಅಮ್ಮಾ. ದಂಡಿನ ಬಿಳಿ ದೊರೆಗಳು ತಿನ್ನೋದು. ಚಳಿಗಾಲ ಮುಗಿದ್ರೆ ಸಿಗಲ್ಲ."

"ರುಚಿ ಹೇಗಿರುತ್ತೆ?"

"ನಂಗೇನ್ ಗೊತ್ತಮ್ಮಾ, ನಾನ್ ಮಾರೋನು."

ಹೆಚ್ಚುವಾಗ ಏನೋ ಘಾಟು. ಪದರ ಪದರ ಬೇರೆ. ಅನುಮಾನವಾಯಿತು. ಆದರೆ ಕಣ್ಣಲ್ಲಿ ನೀರು ಬರಲಿಲ್ಲ. ಈರುಳ್ಳಿ ಹೆಚ್ಚಿದರೆ ಅಳು ಬರುತ್ತದೆಂದು ಕೇಳಿದ್ದೆ. (ಹೆಚ್ಚಿ ಗೊತ್ತಿಲ್ಲ, ನನ್ನ ತೌರಿನಲ್ಲೂ ಅದು ನಿಷಿದ್ಧ.) ಹಾಗಾದರೆ ಇದು ಈರುಳ್ಳಿಯಲ್ಲ, ಅಲ್ಲವೆ? ಹೆಸರುಬೇಳೆ ಕಟ್ಟಿನಲ್ಲಿ ಬೇಯಿಸಿ, ಮೆಣಸಿನ ಪುಡಿ ಉದುರಿಸಿ ಕೊಟ್ಟೆ.

ಅತ್ತೆ ಎರಡು ಲೋಟ ಕುಡಿದರು. ಎದ್ದು ಕೂತು ಬಾಚಣಿಗೆ ಕೇಳಿದರು.

ಹಿತ್ತಲಿನಲ್ಲಿ ಸಿಪ್ಪೆ ಎಸೆಯುವಾಗ ಪಕ್ಕದ ಮನೆಯ ಡೊರೊಥಿ ಗೋಡೆಯ ಮೇಲಿಂದ ಇಣುಕಿದಳು. "ಲೀಕಾ? ಅದು ಈರುಳ್ಳಿ ಜಾತೀದೇ ಅಲ್ವಾ? ನೀವು ತಿನ್ನಲ್ಲ ಅಂದಿದ್ರಿ?"

ಉಳಿದ ಸಿಪ್ಪೆಯನ್ನು ಅಲ್ಲೇ ಬಿಟ್ಟು ಒಳಗೆ ಬಂದೆ. ಹೇಳಿದರೆ ಅತ್ತೆ ಪ್ರಾಯಶ್ಚಿತ್ತಕ್ಕೆಂದು ಉಪವಾಸ ಕೂರುತ್ತಾರೆ, ಈ ಮೈಯಲ್ಲಿ. ಹೇಳದಿದ್ದರೆ? ಅವರು ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದನ್ನು ಕೆಡಿಸಿ ಸುಮ್ಮನಿದ್ದಂತೆ. ಯಾವುದು ಹೆಚ್ಚಿನ ಪಾಪ?

ಹಾಸಿಗೆಯ ಪಕ್ಕ ಕುಳಿತು ಮಾತು ಹುಡುಕುತ್ತಿದ್ದೆ. ಅತ್ತೆಯೇ ಕೇಳಿದರು. "ಇನ್ನೂ ಉಳಿದಿದೆಯೇನೇ? ಸಂಜೆಗೂ ಕೊಡು."

"ಅತ್ತೆ, ಆ ತರಕಾರಿ..."

"ತರಕಾರಿ ಹಾಗಿರಲಿ. ಹಾಲು ಸೀದ ವಾಸನೆ ಬರ್ತಿದೆ, ಮೊದಲು ಹೋಗಿ ನೋಡು."

ಓಡಿದೆ. ನಿಜ, ಹಾಲು ತಳ ಹಿಡಿದಿತ್ತು. ಪಾತ್ರೆ ಇಳಿಸಿ ಅಲ್ಲೇ ನಿಂತುಬಿಟ್ಟೆ.

ಅಡುಗೆಮನೆಯ ಹಾಲು ಸೀದದ್ದು ಹಾಸಿಗೆಯಲ್ಲಿದ್ದವರಿಗೆ ತಿಳಿಯಿತೆಂದರೆ, ಮೂಗಿನ ಕೆಳಗೇ ಇದ್ದ ಲೋಟದ ವಾಸನೆ ತಿಳಿದಿರಲಿಲ್ಲವೆ?