ಗೋಕಾಕ ಮೇಡಂ ಚಹಾ ಕುಡಿದು ಹೋದ ಸಂಜೆ

ಹೋದ ಸೋಮವಾರ ನಮ್ಮ ಶಾಲೆಗೆ ಹೊಸ ಬಾಸ್ಕೆಟ್‌ಬಾಲುಗಳು ಬಂದವು. ಪೆಟ್ಟಿಗೆ ಬಿಚ್ಚಿದ ಕೂಡಲೇ ಹೊಸ ರಬ್ಬರಿನ ವಾಸನೆ ಕೋಣೆ ತುಂಬಿತು. ಉಳಿದ ಶಿಕ್ಷಕರು ಮೂಗು ಮುಚ್ಚಿಕೊಂಡು ಹೊರಗೆ ಹೋದರು. ನನಗೆ ಮಾತ್ರ ಒಬ್ಬಾಕೆಯ ನೆನಪಾಗಿ ಹೊಟ್ಟೆಯೊಳಗೆ ಹಳೆಯ ಉರಿ ಎದ್ದಿತು. ಆಕೆ ತೀರಿಕೊಂಡು ವರ್ಷವಾಯಿತು. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎನ್ನುತ್ತಾರೆ. ಹಾಗೆ ಹೇಳಿದವರಿಗೆ ಆಕೆಯಂಥ ಗೆಳತಿ ಇದ್ದಿರಲಿಕ್ಕಿಲ್ಲ...

ಜನ ಆಕೆಯನ್ನು ಗೋಕಾಕ ಮೇಡಂ ಎನ್ನುತ್ತಿದ್ದರು. ಗೋಕಾಕದ ಒಂದು ಕಾಲೇಜಿನಲ್ಲಿ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್. ನಾನು ಹುಕ್ಕೇರಿ ಟೀಚರ್, ಪಿಯುಸಿಯೂ ಇರುವ ಒಂದು ಶಾಲೆಯಲ್ಲಿ ಆಟ ಕಲಿಸುವವಳು. ದೈಹಿಕ ಶಿಕ್ಷಣ ಓದುವಾಗ ಇಬ್ಬರೂ ಒಂದೇ ಕೋಣೆಯಲ್ಲಿದ್ದವರು, ಒಂದೇ ತಂಡದಲ್ಲಿ ಆಡಿದವರು. ಆಟದಲ್ಲಿ ನಾನೇ ಮುಂದಿದ್ದೆ. ಇದು ಜಂಬದ ಮಾತಲ್ಲ, ಆಕೆಯೂ ಒಪ್ಪುತ್ತಿದ್ದಳು. ಕಾಲೇಜಿನ ಆ ಕೆಲಸಕ್ಕೆ ಇಬ್ಬರೂ ಅರ್ಜಿ ಹಾಕಿದೆವು. ನಮ್ಮ ಕಡೆಯ ಹುಡುಗಿಯರನ್ನು ಆಟಕ್ಕೆ ಹೇಗೆ ತರುತ್ತೀರಿ ಎಂದು ಸಂದರ್ಶನದಲ್ಲಿ ಕೇಳಿದರು. ನಾನು ತರಬೇತಿಯ ಕ್ರಮವನ್ನೆಲ್ಲ ಒಪ್ಪಿಸಿದೆ. ಆಕೆ, "ಮೊದಲ ಅವರ ಅವ್ವಗೋಳನ್ನ ಕರಕೊಂಡ ಬರ್ತೇನ್ರಿ" ಎಂದಳಂತೆ. ಕೆಲಸ ಆಕೆಗೆ ಸಿಕ್ಕಿತು.

ಹೇಳಿದಂತೆಯೇ ಮಾಡಿದಳು ಕೂಡ. ಕಾಲೇಜಿಗೆ ಹೆಸರು ಹಚ್ಚುವ ದಿನಗಳು ಬಂದರೆ ಸಾಕು, ಬಸ್ಸು ಹತ್ತಿ ಮೂಡಲಗಿ, ತುಕ್ಕಾನಟ್ಟಿ, ಮಸಗುಪ್ಪಿ ಎಂದು ಊರೂರು ತಿರುಗುತ್ತಿದ್ದಳು. ಯಾರ ಮನೆಗೆ ಹೋದರೂ ಪಡಸಾಲೆಯಲ್ಲಿ ಗಂಡಸರ ಎದುರು ಕುಳಿತವಳಲ್ಲ. ಸೀದಾ ಅಡುಗೆಮನೆಗೆ ನುಗ್ಗಿ, ಹಿಟ್ಟಿಗೆ ಕೈಹಾಕಿ ರೊಟ್ಟಿ ಬಡಿಯುತ್ತ ಮಾತು ತೆಗೆಯುತ್ತಿದ್ದಳು. ಆಕೆಯ ತಂಡದಲ್ಲಿ ಒಂದು ಪದ್ಧತಿಯಿತ್ತು. ಪಂದ್ಯಕ್ಕೆ ಪರಊರಿಗೆ ಹೋಗುವಾಗ ಯಾರಾದರೊಬ್ಬ ಹುಡುಗಿಯ ಅವ್ವ ಜೊತೆಗೆ ಹೋಗಬೇಕು, ಪಾಳಿಯ ಪ್ರಕಾರ. ಹುಡುಗಿಯರು ಆಡುವುದು ಕಾಲು ಮುಚ್ಚುವ ಪ್ಯಾಂಟಿನಲ್ಲಿ. ಚಡ್ಡಿ ಬೇಕೆಂದರೆ ಹುಡುಗಿ ತಾನಾಗಿ ಕೇಳಬೇಕು, ಅವ್ವನೂ ಹೂಂ ಅನ್ನಬೇಕು.

ಧಾರವಾಡದ ಒಂದು ಪಂದ್ಯದಲ್ಲಿ ನಾನೂ ಇದ್ದೆ. ತುಕ್ಕಾನಟ್ಟಿಯ ಒಬ್ಬ ಅವ್ವ ರೊಟ್ಟಿಯ ಗಂಟು ಮಡಿಲಲ್ಲಿಟ್ಟುಕೊಂಡು ಕೋರ್ಟಿನ ಅಂಚಿಗೆ ಕುಳಿತಿದ್ದಳು. ಆಕೆಯ ಮಗಳ ಫೌಲಿಗೆ ರೆಫರಿ ಸೀಟಿ ಊದಿದ. ಅವ್ವ ಎದ್ದು ನಿಂತಳು. "ಯಪ್ಪಾ, ಆಗಿಂದ ನೋಡಾಕತ್ತೇನಿ, ನನ್ನ ಮಗಳ ಚೆಂಡ ಹಿಡದಾಗಷ್ಟ ಪೀಪಿ ಊದತಿ. ಆ ಕಡಿ ಹುಡುಗ್ಯಾರ ಏನ ನಿನ್ನ ತಂಗ್ಯಾರೇನ?" ಎಂದಳು. ರೆಫರಿಯೇ ನಕ್ಕುಬಿಟ್ಟ. ಆ ಅವ್ವ ಊರಿಗೆ ಹೋಗಿ ಕಳೆ ತೆಗೆಯುತ್ತ, ಬಟ್ಟೆ ಒಗೆಯುತ್ತ ಅದನ್ನೇ ಹೇಳಿದ್ದಾಳೆ. ಮರುವರ್ಷ ಆ ಊರಿನಿಂದ ಕರೆಯದೆಯೇ ಮೂವರು ಹುಡುಗಿಯರು ಬಂದರು. ಇಷ್ಟು ಸಣ್ಣ ವಿಚಾರ ನನಗೇಕೆ ಹೊಳೆಯಲಿಲ್ಲ ಎಂದು ವರ್ಷಗಟ್ಟಲೆ ಕುದ್ದಿದ್ದೇನೆ.

ಇನ್ನೊಂದು ಸಂಕಟವಿತ್ತು. ಬಾಲು ಹಿಡಿಯಲು ಬಾರದ ಹುಡುಗಿಯರಿಗೆ ಬಿಸಿಲಲ್ಲಿ ನಿಂತು ಕೈ ತಿದ್ದುತ್ತಿದ್ದವಳು ನಾನು. ಪಿಯುಸಿ ಮುಗಿದ ಕೂಡಲೇ ಅವರೆಲ್ಲ ಗೋಕಾಕಕ್ಕೆ ಹೋಗುತ್ತಿದ್ದರು. ಪೇಪರಿನಲ್ಲಿ ಫೋಟೋ ಬರುತ್ತಿತ್ತು, ನಡುವೆ ಗೆದ್ದ ಕಪ್ಪು, ಪಕ್ಕದಲ್ಲಿ ಆಕೆ. ಬಿತ್ತಿದವಳು ಒಬ್ಬಳು, ರಾಶಿ ಮಾಡಿದವಳು ಇನ್ನೊಬ್ಬಳು. ಗೆದ್ದಾಗಲೆಲ್ಲ ಕರದಂಟಿನ ಪೊಟ್ಟಣ ಹಿಡಿದು ನನ್ನ ಮನೆಗೆ ಬರುತ್ತಿದ್ದಳು. "ತಿನ್ನ ಲೇ, ನಿನ್ನ ಹುಡುಗ್ಯಾರ ಗೆದ್ದಾರ" ಎನ್ನುತ್ತಿದ್ದಳು. ತಿನ್ನುತ್ತಿದ್ದೆ. ಬಾಯಿಗೆ ಸಿಹಿ, ಹೊಟ್ಟೆಗೆ ಬೆಂಕಿ.

ಆಗ ಬಂದವಳು ಮಮದಾಪುರದ ಹುಡುಗಿ. ಹುಕ್ಕೇರಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಕೈ ಬೆಣ್ಣೆಯಷ್ಟು ಮೆತ್ತಗೆ. ರಿಂಗಿನ ಕೆಳಗೆ ಬಾಲು ಕೊಟ್ಟರೆ ತಪ್ಪಿದ್ದೇ ನೆನಪಿಲ್ಲ. ನನ್ನ ಇಡೀ ಸರ್ವಿಸ್ಸಿನಲ್ಲಿ ಅಂಥ ಹುಡುಗಿ ಎರಡನೆಯವಳು ಬರಲಿಲ್ಲ. ಇವಳನ್ನೂ ಗೋಕಾಕಕ್ಕೆ ಕೊಡಬೇಕೇ ಎಂದು ನನಗೆ ನಿದ್ದೆ ಬರುತ್ತಿರಲಿಲ್ಲ. ಹುಕ್ಕೇರಿಯಲ್ಲೇ ಡಿಗ್ರಿಗೆ ಸೇರಿದರೆ ಸಂಜೆ ನಾನೇ ಆಡಿಸಬಹುದು, ಫೋಟೋದಲ್ಲಿ ಒಮ್ಮೆಯಾದರೂ ನಾನು ನಿಲ್ಲಬಹುದು.

ರಿಸಲ್ಟ್ ಬಂದ ಮೇಲೆ ಅವಳ ಅಪ್ಪ ಶಾಲೆಗೆ ಬಂದ. ಹಣೆಯ ತುಂಬ ವಿಭೂತಿ, ಅಳೆದು ತೂಗಿ ಮಾತಾಡುವ ಮನುಷ್ಯ. "ಟೀಚರ, ಹುಡುಗಿ ಗೋಕಾಕಕ್ಕ ಆಡಾಕ ಹೋಗ್ತೇನಿ ಅಂತಾಳ್ರಿ. ಆ ಮೇಡಮ್ಮನ್ನ ನಾ ನೋಡಿಲ್ಲ. ನೀವ ಹೇಳ್ರಿ, ಹೆಂಗ?" ಎಂದ.

ನಾನು ಆತನಿಗೆ ಕುರ್ಚಿ ತೋರಿಸಿದೆ. ಆಮೇಲೆ, "ಏನ ಹೇಳ್ಲಿರಿ ಯಜಮಾನ್ರ. ಅಲ್ಲಿ ಹುಡುಗ್ಯಾರಿಗೆ ತೊಡಿ ಕಾಣೂ ಹಂಗ ಚಡ್ಡಿ ಹಾಕಸ್ತಾರ. ಊರೂರ ತಿರಗಸ್ತಾರ. ಹಿಂದ ಮುಂದ ಯಾರೂ ಇರೂದಿಲ್ಲ" ಎಂದೆ. ಆತ ಎರಡನೆಯ ಪ್ರಶ್ನೆ ಕೇಳಲಿಲ್ಲ. ಕೈಮುಗಿದು, "ಖರೇ ಹೇಳಿ ಉಪಕಾರ ಮಾಡಿದ್ರಿ" ಎಂದು ಎದ್ದುಹೋದ. ಹುಕ್ಕೇರಿಯ ಕಾಲೇಜಿನ ಮಾತು ನನ್ನ ಗಂಟಲಲ್ಲೇ ಉಳಿಯಿತು.

ನಾಲ್ಕೈದು ದಿನಗಳ ಮೇಲೆ ಒಂದು ಸಂಜೆ ಗೋಕಾಕ ಮೇಡಂ ನನ್ನ ಮನೆಗೆ ಬಂದಳು. ಚಹಾ ಮಾಡಿಕೊಟ್ಟೆ. "ಮಮದಾಪುರಕ್ಕ ಹೋಗಿದ್ದೆ. ಹುಡುಗಿ ಅಪ್ಪ ಒಲ್ಲೆ ಅಂತಾನ" ಎಂದಳು.

"ಯಾಕಂತ?" ಎಂದೆ, ಏನೂ ಅರಿಯದವಳ ಹಾಗೆ.

ಆಕೆ ಕಪ್ಪನ್ನೇ ನೋಡುತ್ತಿದ್ದಳು. "ಯಾಕರ ಇರಲಿ. ನಾಳೆ ನೀ ಬಾ ನನ್ನ ಜೋಡಿ. ನಿನ್ನ ಮಾತಿಗೆ ಅಲ್ಲಿ ಬಾಳ ಕಿಮ್ಮತ್ತ ಐತಿ. ನೀ ಒಂದ ಮಾತ ಹೇಳಿದರ ಆಂವ ಒಪ್ಪತಾನ."

ಒಳಗೊಳಗೇ ಹಿಗ್ಗಿದೆ. ಇಷ್ಟು ವರ್ಷಗಳಲ್ಲಿ ಆಕೆ ನನ್ನ ಬಾಗಿಲಿಗೆ ಬೇಡಿಕೊಂಡು ಬಂದದ್ದು ಅದೊಂದೇ ಸಲ. ಪರೀಕ್ಷೆಯ ಡ್ಯೂಟಿ ಇದೆ ಎಂದೆ. ಯಾವ ಡ್ಯೂಟಿಯೂ ಇರಲಿಲ್ಲ. ನಾಡಿದ್ದು ಎಂದಳು. ನೋಡೋಣ ಎಂದೆ. ಆಕೆ ಕಪ್ಪು ತಾನೇ ತೊಳೆದಿಟ್ಟು, ಬಾಗಿಲಲ್ಲಿ ಒಂದು ಗಳಿಗೆ ನಿಂತಳು. "ಆಕಿ ನಿನ್ನ ಹುಡುಗಿ ಲೇ, ನಂದಲ್ಲ" ಎಂದು ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ನಾನು ಹೋಗಲಿಲ್ಲ.

ಆ ಹುಡುಗಿ ಗೋಕಾಕಕ್ಕೂ ಹೋಗಲಿಲ್ಲ, ಹುಕ್ಕೇರಿಯಲ್ಲೂ ಸೇರಲಿಲ್ಲ. ಹೆಣ್ಣುಮಕ್ಕಳಿಗೆ ಕಾಲೇಜೇ ಬೇಡವೆಂದು ಅಪ್ಪ ಎರಡು ತಿಂಗಳಲ್ಲಿ ಮಸಗುಪ್ಪಿಗೆ ಮದುವೆ ಮಾಡಿಕೊಟ್ಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಉರಿ ನನಗೂ ಆಕೆಗೂ ನಡುವಿನದು, ಸುಟ್ಟದ್ದು ಆ ಹುಡುಗಿಯನ್ನು. ಮದುವೆಗೆ ಹೋಗಿ ಅಕ್ಷತೆ ಹಾಕಿ ಬಂದೆ. ಗೋಕಾಕ ಮೇಡಮ್ಮಿಗೆ ಏನೂ ಗೊತ್ತಾಗಲಿಲ್ಲ ಎಂಬುದೊಂದೇ ನನ್ನ ಸಮಾಧಾನವಾಗಿತ್ತು. ಆಕೆ ಮೊದಲಿನ ಹಾಗೆಯೇ ಬರುತ್ತಿದ್ದಳು, ಮೊದಲಿನ ಹಾಗೆಯೇ ಕರದಂಟು ತರುತ್ತಿದ್ದಳು...

ಹೋದ ವರ್ಷ, ನೌಕರಿಯಲ್ಲಿದ್ದಾಗಲೇ ಹೋಗಿಬಿಟ್ಟಳು. ಮಣ್ಣಿಗೆ ಹೋಗಿದ್ದೆ. ಎಲ್ಲೆಲ್ಲಿಂದಲೋ ಹಳೆಯ ಆಟಗಾರ್ತಿಯರು ಬಂದಿದ್ದರು. ಅವರ ಅವ್ವಂದಿರೂ ಬಂದು ಮನೆಯವಳೇ ಹೋದಂತೆ ಅಳುತ್ತಿದ್ದರು. ನನಗೆ ಕಣ್ಣೀರು ಬರಲಿಲ್ಲ. ನಾನು ಸತ್ತರೆ ಇಷ್ಟು ಜನ ಬಂದಾರೆಯೇ ಎಂದು ಲೆಕ್ಕ ಹಾಕುತ್ತ ಹಿಂದೆ ನಿಂತಿದ್ದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದೇ ಖರೆ.

ಬಾಲು ಬಂದ ಮರುದಿನ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಎಂಟನೆಯ ತರಗತಿಗೆ ಹೆಸರು ಹಚ್ಚಲು ಬಂದಳು. ಬಾಗಿಲಲ್ಲಿ ಆಕೆ ತಲೆ ಬಗ್ಗಿಸಿದ ರೀತಿಯಲ್ಲೇ ಗುರುತು ಹಿಡಿದೆ. ಮಮದಾಪುರದ ನನ್ನ ಹುಡುಗಿ. ಮಗಳೂ ತಾಯಿಯ ಹಾಗೆ ಉದ್ದ. "ಇಕೀನ ನಿಮ್ಮ ಕೈಯಾಗ ಹಾಕಾಕ ಬಂದೇನ್ರಿ ಟೀಚರ" ಎಂದಳು.

ನನ್ನಿಂದ ತಡೆಯಲಾಗಲಿಲ್ಲ. ಮಗಳನ್ನು ಮೈದಾನಕ್ಕೆ ಕಳಿಸಿ, "ತಡಿಯವ್ವಾ, ಮೊದಲ ಒಂದ ಮಾತ ಕೇಳ. ಅವತ್ತ ನಿಮ್ಮಪ್ಪಗ ಗೋಕಾಕದ ಮ್ಯಾಲ ಇಲ್ಲದ್ದ ಹೇಳಿದಾಕಿ ನಾನ" ಎಂದೆ.

"ಗೊತ್ತೈತ್ರಿ" ಎಂದಳು.

"ಹೆಂಗ?"

"ಅಪ್ಪ ಮೇಡಮ್ಮಗ ನನ್ನ ಮುಂದನ ಹೇಳಿದ್ನಲ್ರಿ. ಹುಕ್ಕೇರಿ ಟೀಚರ ಹಿಂಗ ಹಿಂಗ ಅಂದಾರ, ನಿಮ್ಮನ್ನ ಅವರಕಿಂತ ಬಲ್ಲವರ ಯಾರ ಅದಾರ ಅಂತ."

"ಆಕಿ ಏನಂದಳು?"

"ನಿಮಗ ಏನೂ ಅನಲಿಲ್ರಿ. ನೀರ ಕುಡದ್ರು. ಟೀಚರಗ ಯಾರೋ ತಪ್ಪ ಹೇಳಿರಬೇಕು, ಅವರನ್ನ ನಾನ ಕರಕೊಂಡ ಬರ್ತೇನಿ, ಅವರ ಬಾಯಿಲೆ ಕೇಳ್ರಿ ಅಂದ ಹೋದ್ರು. ನೀವು ಬರ್ತೀರಂತ ನಮ್ಮವ್ವ ನಾಕ ದಿನ ದಾರಿ ನೋಡಿದ್ಲು."

ಇಷ್ಟು ತಿಳಿದೂ ಮಗಳನ್ನು ನನ್ನ ಹತ್ತಿರ ಯಾಕೆ ತಂದೆ ಎಂದು ಕೇಳಿದೆ. ಅವಳು ಸೆರಗು ಸರಿಮಾಡಿಕೊಂಡಳು. "ಕೈ ತಿದ್ದೂದು ನಿಮ್ಮಂಗ ಯಾರಿಗೂ ಬರೂದಿಲ್ರಿ. ಮಸಗುಪ್ಪಿಗೆ ಬಂದಾಗ ಮೇಡಮ್ಮನೂ ಹಂಗ ಹೇಳ್ತಿದ್ರು. ನೀವು ಕಲಸ್ರಿ. ಮುಂದ ಕಾಲೇಜಿನ ವಿಚಾರ ಬಂದಾಗ ಮಾತ್ರ ನಾ ನಿಮ್ಮನ್ನ ಕೇಳೂದಿಲ್ಲ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

ಆ ಸಂಜೆ ಗೋಕಾಕ ಮೇಡಂ ಎಲ್ಲ ತಿಳಿದೇ ನನ್ನ ಮನೆಗೆ ಬಂದಿದ್ದಳು. ಬೈಯಬಹುದಿತ್ತು, ಊರ ತುಂಬ ಹೇಳಬಹುದಿತ್ತು. ನನ್ನ ತಪ್ಪನ್ನು ನಾನೇ ತಿದ್ದಿಕೊಳ್ಳಲೆಂದು ಚಹಾ ಕುಡಿದು, ದಾರಿ ಮಾಡಿಕೊಟ್ಟು ಹೋದಳು. ನಾನು ಗೆದ್ದೆನೆಂದು ಹಿಗ್ಗುತ್ತ ಕುಳಿತೆ. ಅಷ್ಟು ದೊಡ್ಡ ಮನಸ್ಸು ಆಕೆಗೆ ಎಲ್ಲಿಂದ ಬಂತು, ನನಗೇಕೆ ಬರಲಿಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ. ಗೋಕಾಕದ ಬಸ್ಸು ಹತ್ತಿ ಹೋಗಿ ಕೇಳೋಣವೆಂದರೆ ಆಕೆಯೇ ಇಲ್ಲ.