ಪ್ರಾಕ್ಟಿಕಲ್ ನರ್ಸ್ ಜೊಹರಾ ರಿಜಿಸ್ಟರ್ಡ್ ಆದದ್ದು

೨೦೦೮ರಲ್ಲಿ ನಾನು ಬಹ್ರೇನಿನ ಒಂದು ಖಾಸಗಿ ಆಸ್ಪತ್ರೆಯ ಸಲ್ಮಾಬಾದ್ ಕ್ಲಿನಿಕ್ಕಿನಲ್ಲಿ ನರ್ಸಿಂಗ್ ಇನ್‌ಚಾರ್ಜ್ ಆಗಿದ್ದೆ. ಸುತ್ತಲೂ ವರ್ಕ್‌ಶಾಪು, ಗೋದಾಮು, ಕಾರ್ಮಿಕರ ವಸತಿ. ತಗಡಿನಲ್ಲಿ ಕೈ ಕೊಯ್ದುಕೊಂಡವರು, ಕಣ್ಣಿಗೆ ವೆಲ್ಡಿಂಗ್ ಕಿಡಿ ಹಾರಿದವರು, ಬೇಸಿಗೆಯಲ್ಲಿ ಬಿಸಿಲು ತಾಗಿ ಕುಸಿದವರು ನಮ್ಮ ರೋಗಿಗಳು. ನನ್ನ ಬಿ.ಎಸ್ಸಿ. ನರ್ಸಿಂಗ್ ನಮ್ಮ ಮನೆತನದ ಮೊದಲ ಪದವಿ. ಅಮ್ಮ ಬೀಡಿ ಕಟ್ಟಿ ಓದಿಸಿದ್ದು. ಆ ಪದವಿಯ ಬಗ್ಗೆ ನನಗೆ ಹೆಮ್ಮೆ ಇತ್ತು, ಈಗಲೂ ಇದೆ. ಆದರೆ ನಾನು ಈಗ ಹೇಳಹೊರಟಿರುವವಳು ಪದವಿ ಇಲ್ಲದೆ ನನ್ನ ಕೈಕೆಳಗೆ ಕೆಲಸ ಮಾಡುತ್ತಿದ್ದ ಜೊಹರಾ.

ಮೊದಲು ಒಂದು ವಿಷಯ ಬಿಡಿಸಿ ಹೇಳಬೇಕು. ರೋಗಿಗೆ ನಾವೆಲ್ಲ ಒಂದೇ ‘ಸಿಸ್ಟರ್’. ಪರವಾನಗಿಯಲ್ಲಿ ಮಾತ್ರ ಇಬ್ಬಗೆ. ಪದವಿ ಇಲ್ಲವೇ ಜಿ.ಎನ್.ಎಂ. ಡಿಪ್ಲೊಮಾ ಮುಗಿಸಿದವಳು ರಿಜಿಸ್ಟರ್ಡ್ ನರ್ಸ್. ಊರಿನಲ್ಲಿ ಎ.ಎನ್.ಎಂ. ಎಂಬ ಚಿಕ್ಕ ತರಬೇತಿ ಮುಗಿಸಿ ಬಂದವಳು ಪ್ರಾಕ್ಟಿಕಲ್ ನರ್ಸ್. ಪ್ರಾಕ್ಟಿಕಲ್ ನರ್ಸ್ ಗಾಯ ತೊಳೆಯಬಹುದು, ಬಿ.ಪಿ. ನೋಡಬಹುದು, ರೋಗಿಗೆ ಸ್ನಾನ ಮಾಡಿಸಬಹುದು. ರಕ್ತನಾಳಕ್ಕೆ ಔಷಧ ಕೊಡುವಂತಿಲ್ಲ, ಔಷಧದ ಕಪಾಟು ತೆರೆಯುವಂತಿಲ್ಲ. ನಮ್ಮಲ್ಲಿ ಅವಳ ಸಂಬಳ ರಿಜಿಸ್ಟರ್ಡ್ ನರ್ಸಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಡಾಕ್ಟರರ ರೌಂಡಿನಲ್ಲೂ ಒಂದು ಪದ್ಧತಿ ಇತ್ತು: ಮಾತಾಡುವುದು ರಿಜಿಸ್ಟರ್ಡ್ ನರ್ಸ್, ಪ್ರಾಕ್ಟಿಕಲ್ ನರ್ಸ್ ಅವಳ ಹಿಂದೆ ಟ್ರೇ ಹಿಡಿದು ನಿಲ್ಲಬೇಕು.

ಜೊಹರಾ ಬಂಟ್ವಾಳದವಳು, ಬ್ಯಾರಿ ಮನೆಯ ಹುಡುಗಿ. ಏಳು ವರ್ಷದಿಂದ ಆ ಕ್ಲಿನಿಕ್ಕಿನಲ್ಲಿದ್ದಳು. ಗಂಡ ಇಬ್ರಾಹಿಂ ಅಲ್ಲೇ ಹಿದ್ ಎಂಬ ಊರಿನ ಒಂದು ಗೋದಾಮಿನಲ್ಲಿ ಲಾರಿ ಡ್ರೈವರ್. ಮಗಳು ಊರಿನಲ್ಲಿ ಅಜ್ಜಿಯ ಜೊತೆ.

ಆ ವರ್ಷ ಆಡಳಿತದವರು ಕ್ಲಿನಿಕ್ಕನ್ನು ಇಪ್ಪತ್ತನಾಲ್ಕು ಗಂಟೆ ತೆರೆಯಲು ತೀರ್ಮಾನಿಸಿದರು. ಒಂದೊಂದು ಪಾಳಿಗೆ ಒಬ್ಬಳೇ ನರ್ಸ್. ಹಾಗಾದರೆ ಅವಳು ರಿಜಿಸ್ಟರ್ಡ್ ಆಗಿರಲೇಬೇಕು. ಪ್ರಾಕ್ಟಿಕಲ್ ನರ್ಸಿನ ಹುದ್ದೆ ರದ್ದಾಯಿತು. ಮ್ಯಾನೇಜರು ಮಂಗಳೂರಿನವರು, ಕೆಟ್ಟವರಲ್ಲ. ಜೊಹರಾಳನ್ನು ಕರೆದು, “ನೋಡಮ್ಮ, ಸಂಬಳ ಇದೇ ಇರ್ತದೆ, ರಿಸೆಪ್ಶನ್‌ನಲ್ಲಿ ಕೂತ್ಕೊ. ಎ.ಸಿ. ಉಂಟು, ಕುರ್ಚಿ ಉಂಟು. ಇನ್ನೆಂತ ಬೇಕು?” ಎಂದರು.

ಅವಳು ನೇರ ನನ್ನ ಕೋಣೆಗೆ ಬಂದಳು. “ಅಕ್ಕ, ನಾನು ರಿಜಿಸ್ಟರ್ಡ್ ಆಗ್ಲಿಕ್ಕೆ ಎಂತ ಮಾಡ್ಬೇಕು?”

ನಾನು ಸಮಾಧಾನದ ಮಾತು ಆಡುವವಳಲ್ಲ. ಇದ್ದದ್ದನ್ನು ಹೇಳಿದೆ. ಊರಿಗೆ ಹೋಗಿ ಮೂರೂವರೆ ವರ್ಷ ಜಿ.ಎನ್.ಎಂ. ಓದಬೇಕು. ಎ.ಎನ್.ಎಂ. ನೋಂದಣಿ ಇರುವುದರಿಂದ ಸೀಟು ಸಿಗುತ್ತದೆ, ಆದರೆ ಸೇರಲು ವಯಸ್ಸಿನ ಮಿತಿ ಮೂವತ್ತೈದು. ಅವಳಿಗೆ ಆಗ ಮೂವತ್ತನಾಲ್ಕು. ಮುಗಿದ ಮೇಲೆ ಎರಡು ವರ್ಷ ಊರಿನ ಆಸ್ಪತ್ರೆಯಲ್ಲಿ ರಿಜಿಸ್ಟರ್ಡ್ ನರ್ಸಾಗಿ ದುಡಿದಿರಬೇಕು. ಆಮೇಲೆ ಇಲ್ಲಿನ ಪರವಾನಗಿ ಪರೀಕ್ಷೆ.

“ಇಲ್ಲಿ ಮಾಡಿದ ಏಳು ವರ್ಷ?”

“ಅದು ಒಂದು ದಿನವೂ ಲೆಕ್ಕಕ್ಕೆ ಬರುದಿಲ್ಲ.”

“ವಾಪಸ್ ಬಂದ್ರೆ ಕೆಲಸ ಸಿಗ್ತದಾ?”

“ಆಣೆ ಹಾಕಿ ಹೇಳ್ಲಿಕ್ಕೆ ಆಗುದಿಲ್ಲ ಜೊಹರಾ.”

ಆ ಶುಕ್ರವಾರ ಗಂಡ ಹೆಂಡತಿ ಇಬ್ಬರೂ ನಮ್ಮ ಫ್ಲ್ಯಾಟಿಗೆ ಬಂದರು. ಇಬ್ರಾಹಿಂ ಚಹಾದ ಲೋಟ ಹಿಡಿದುಕೊಂಡು ಶುರು ಮಾಡಿದ. “ಮಗಳು ಹೈಸ್ಕೂಲಿಗೆ, ಉಮ್ಮ ನರ್ಸಿಂಗ್ ಸ್ಕೂಲಿಗೆ! ಇಬ್ಬರ ಫೀಸೂ ಒಬ್ಬ ಡ್ರೈವರನ ತಲೆಗೆ. ಇಂಥ ಕತೆ ಎಲ್ಲಾದ್ರೂ ಕೇಳಿದ್ದೀರಾ ಸಿಸ್ಟರ್?”

“ಬೇಡ ಅಂತ ಹೇಳಿ, ನಾನು ಬಿಡ್ತೇನೆ” ಎಂದಳು ಅವಳು.

“ನಾನೆಲ್ಲಿ ಬೇಡ ಅಂದೆ ಮಾರಾಯ್ತಿ? ಇವಳು ರಿಸೆಪ್ಶನ್‌ನಲ್ಲಿ ಕೂತ್ರೆ ಬಂದವರಿಗೆಲ್ಲ ಅಲ್ಲೇ ಮದ್ದು ಹೇಳಿ ಕಳಿಸ್ತಾಳೆ ಸಿಸ್ಟರ್. ಡಾಕ್ಟ್ರು ಒಳಗೆ ನೊಣ ಹೊಡಿಬೇಕಾದೀತು. ಹೋಗ್ಲಿ. ಗಂಜಿ ಬೇಯಿಸ್ಲಿಕ್ಕೆ ನಂಗೆ ಬರ್ತದೆ.”

ವೀಸಾ ರದ್ದು ಮಾಡಿಸಿಕೊಂಡು ಜೊಹರಾ ಹೊರಟಳು.

೨೦೧೦ರಲ್ಲಿ ರಜೆಗೆ ಊರಿಗೆ ಹೋದಾಗ ಮಂಗಳೂರಿನ ಅವಳ ಹಾಸ್ಟೆಲ್ಲಿಗೆ ಹೋದೆ. ಸಹಪಾಠಿಗಳೆಲ್ಲ ಹದಿನೆಂಟು ಹತ್ತೊಂಬತ್ತರ ಹುಡುಗಿಯರು. ಇವಳನ್ನು ‘ಆಂಟಿ’ ಎನ್ನುತ್ತಿದ್ದರು. ಜೊಹರಾ ಸಪ್ಪಗಿದ್ದಳು. ಥಿಯರಿಯಲ್ಲಿ ಪಾಸು, ಪ್ರಾಯೋಗಿಕ ಪರೀಕ್ಷೆಯಲ್ಲಿ ಫೇಲು! ನನಗೆ ನಂಬಲಾಗಲಿಲ್ಲ. ಗಾಯದ ಡ್ರೆಸ್ಸಿಂಗಿನಲ್ಲಿ ಅವಳಷ್ಟು ಚೊಕ್ಕ ಕೈ ನಮ್ಮ ಕ್ಲಿನಿಕ್ಕಿನಲ್ಲಿ ಇನ್ನೊಂದು ಇರಲಿಲ್ಲ.

“ಕೈ ಓಡಿತು ಅಕ್ಕ, ಬಾಯಿ ಓಡ್ಲಿಲ್ಲ” ಎಂದಳು.

ಆಗ ಅರ್ಥವಾಯಿತು. ಆ ಪರೀಕ್ಷೆಯಲ್ಲಿ ಮಾಡಿದರೆ ಸಾಲದು. ಏನು ಮಾಡುತ್ತಿದ್ದೇನೆ, ಯಾಕೆ ಮಾಡುತ್ತಿದ್ದೇನೆ ಎಂದು ಪ್ರತಿ ಹಂತದಲ್ಲೂ ಪರೀಕ್ಷಕರಿಗೆ ಬಾಯಿಬಿಟ್ಟು ಹೇಳಬೇಕು. ಏಳು ವರ್ಷ ಟ್ರೇ ಹಿಡಿದು ಹಿಂದೆ ನಿಂತವಳಿಗೆ ಡಾಕ್ಟರರ ಎದುರು ಸುಮ್ಮನಿರುವುದೇ ಕೆಲಸದ ಶಿಸ್ತಾಗಿಬಿಟ್ಟಿತ್ತು. ಪರೀಕ್ಷಕರು “ಯಾಕೆ?” ಎಂದು ಕೇಳಿದಾಗ, ಉತ್ತರ ಕೊಡಲು ಬೇರೆ ಯಾರೋ ಇದ್ದಾರೆ ಎಂಬಂತೆ ಪಕ್ಕಕ್ಕೆ ನೋಡಿದಳಂತೆ.

ಅಲ್ಲೇ ಮಂಚದ ಮೇಲೆ ಒಂದು ದಿಂಬು ಇಟ್ಟೆ. “ಇದು ರೋಗಿ. ನಾನು ಪರೀಕ್ಷಕಿ. ಶುರು ಮಾಡು” ಎಂದೆ. ಹುಡುಗಿಯರು ಬಾಗಿಲಲ್ಲಿ ಗುಂಪು ಸೇರಿದರು. ಜೊಹರಾ ದಿಂಬಿಗೆ ಸಲಾಂ ಹೇಳಿ, ತನ್ನ ಹೆಸರು ಹೇಳಿ, ಗಾಯ ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಒರೆಸಬೇಕು, ಯಾಕೆ ಹಾಗೆ ಎಂದು ಪಿಸುಗುಟ್ಟತೊಡಗಿದಳು.

“ಆಂಟಿ, ಜೋರಾಗಿ! ದಿಂಬಿಗೆ ಕಿವಿ ಕೇಳುದಿಲ್ಲ!” ಎಂದು ಒಬ್ಬಳು ನಗುತ್ತಾ ಕೂಗಿದಳು.

“ಪರೀಕ್ಷೆಯಲ್ಲಿ ನಿನ್ನ ವಿಕೆಟ್ ಬಿದ್ದಾಗ ನಾನೂ ಹೀಗೇ ನಗ್ತೇನೆ, ನೋಡ್ತಾ ಇರು” ಎಂದು ಇವಳೂ ಕೂಗಿದಳು. ಆ ಕೂಗಿನ ದನಿಯಲ್ಲೇ ಮುಂದಿನದನ್ನೆಲ್ಲ ಹೇಳಿ ಮುಗಿಸಿದಳು. ನಾನು ಹೋದ ಮೇಲೂ ಆ ಹುಡುಗಿಯರು ದಿನಾ ಸಂಜೆ ದಿಂಬಿನ ಮುಂದೆ ಅವಳಿಂದ ಜೋರಾಗಿ ಹೇಳಿಸದೆ ಬಿಡಲಿಲ್ಲವಂತೆ. ಮರುಪರೀಕ್ಷೆ ಪಾಸಾಯಿತು.

೨೦೧೪ರಲ್ಲಿ ಅವಳು ಊರಿನ ಆಸ್ಪತ್ರೆಯ ಎರಡು ವರ್ಷ ಮುಗಿಸಿ, ಪರವಾನಗಿ ಪರೀಕ್ಷೆಯನ್ನೂ ದಾಟಿ, ನಮ್ಮದೇ ಆಸ್ಪತ್ರೆಗೆ ಅರ್ಜಿ ಹಾಕಿದಳು. ಅಷ್ಟರಲ್ಲಿ ನನ್ನನ್ನು ಮುಖ್ಯ ಆಸ್ಪತ್ರೆಗೆ ವರ್ಗ ಮಾಡಿದ್ದರು. ಸಂದರ್ಶನದ ಮೇಜಿನಲ್ಲಿ ನಾನೂ ಕೂರಬೇಕಿತ್ತು. ಈಕೆ ನನಗೆ ಪರಿಚಿತಳು, ಹಾಗಾಗಿ ನಾನು ಪ್ರಶ್ನೆ ಕೇಳುವುದಿಲ್ಲ, ಅಂಕವನ್ನೂ ಕೊಡುವುದಿಲ್ಲ ಎಂದು ಮೊದಲೇ ಹೇಳಿದೆ. ಇದ್ದದ್ದು ಒಂದೇ ಹುದ್ದೆ. ಜೊಹರಾಳಿಗಿಂತ ಮೊದಲು ಬಂದಿದ್ದ ಅಭ್ಯರ್ಥಿಗೆ ಅಷ್ಟೇ ಅನುಭವ, ವಯಸ್ಸು ಮಾತ್ರ ಇಪ್ಪತ್ತೈದು.

ನರ್ಸಿಂಗ್ ಡೈರೆಕ್ಟರ್ ಬಹ್ರೇನಿನವರೇ, ಬಿಗಿ ಮಹಿಳೆ. ಇಂಗ್ಲಿಷಿನಲ್ಲಿ ಕೇಳಿದರು: “ವಯಸ್ಸು ನಲವತ್ತು, ಅನುಭವ ಎರಡು ವರ್ಷ. ಅದಕ್ಕೆ ಮೊದಲು ಎಲ್ಲಿದ್ದಿರಿ?”

“ನಿಮ್ಮದೇ ಸಲ್ಮಾಬಾದ್ ಕ್ಲಿನಿಕ್ಕಿನಲ್ಲಿ, ಮೇಡಂ. ಪ್ರಾಕ್ಟಿಕಲ್ ನರ್ಸ್. ಆ ಏಳು ವರ್ಷ ಲೆಕ್ಕಕ್ಕಿಲ್ಲ. ಲೆಕ್ಕಕ್ಕಿರುವ ಎರಡು ವರ್ಷದ ಬಗ್ಗೆ ಕೇಳಿ.”

ಡೈರೆಕ್ಟರ್ ಕನ್ನಡಕ ತೆಗೆದು ಅವಳನ್ನೇ ನೋಡಿದರು. “ಸರಿ. ನಿಮ್ಮ ಪಾಳಿಯಲ್ಲಿ ಒಬ್ಬ ಪ್ರಾಕ್ಟಿಕಲ್ ನರ್ಸ್ ಇದ್ದಾಳೆ. ಅವಸರದಲ್ಲಿ ಡಾಕ್ಟರು ಅವಳ ಕೈಗೇ ಸಿರಿಂಜ್ ಕೊಟ್ಟು ರಕ್ತನಾಳಕ್ಕೆ ಔಷಧ ಹಾಕಲು ಹೇಳುತ್ತಾರೆ. ನೀವೇನು ಮಾಡುತ್ತೀರಿ?”

“ಸಿರಿಂಜನ್ನು ಅವಳ ಕೈಯಿಂದ ನಾನು ತೆಗೆದುಕೊಳ್ಳುತ್ತೇನೆ. ಔಷಧ, ಡೋಸು ಮತ್ತೊಮ್ಮೆ ಪರೀಕ್ಷಿಸಿ ನಾನೇ ಕೊಡುತ್ತೇನೆ. ಏನು ಕೊಡುತ್ತಿದ್ದೇನೆ, ಯಾಕೆ ಎಂದು ಗಟ್ಟಿಯಾಗಿ ಹೇಳಿ ಕೊಡುತ್ತೇನೆ.”

“ಗಟ್ಟಿಯಾಗಿ ಯಾಕೆ? ಡಾಕ್ಟರಿಗೆ ಗೊತ್ತೇ ಇದೆಯಲ್ಲ.”

“ಡಾಕ್ಟರಿಗಲ್ಲ ಮೇಡಂ. ಪಕ್ಕದಲ್ಲಿ ನಿಂತವಳು ಕಲಿಯಲಿ ಎಂದು.”

ಹುದ್ದೆ ಅವಳಿಗೆ ಸಿಕ್ಕಿತು. ನಾನು ಒಂದು ಮಾತನ್ನೂ ಆಡಬೇಕಾಗಿ ಬರಲಿಲ್ಲ.

ಮೊದಲ ಸಂಬಳ ಬಂದ ವಾರ ಕ್ಯಾಂಟೀನಿನಲ್ಲಿ ಸಿಕ್ಕಳು. “ಹೇಗುಂಟು ರಿಜಿಸ್ಟರ್ಡ್ ಸಂಬಳ?” ಎಂದು ಛೇಡಿಸಿದೆ.

“ಸಂಬಳ ಬಂತು ಅಕ್ಕ, ನಿದ್ದೆ ಹೋಯ್ತು. ಮೊದಲು ಡ್ಯೂಟಿ ಮುಗಿದ್ರೆ ಮುಗೀತು. ಈಗ ಮನೆಗೆ ಹೋಗಿ ಊಟಕ್ಕೆ ಕೂತ್ರೂ ಆ ಮೂರನೇ ಬೆಡ್ಡಿನವರಿಗೆ ಕೊಟ್ಟ ಡೋಸು ಸರಿಯಾ, ಸರಿಯಾ ಅಂತಲೇ ತಲೆಯಲ್ಲಿ. ಇವರು ಹೇಳ್ತಾರೆ, ಅನ್ನ ತಿನ್ನು, ಅನ್ನಕ್ಕೆ ಡೋಸಿಲ್ಲ ಅಂತ.”

ಎರಡು ಪರವಾನಗಿಗಳ ನಡುವೆ ಇಷ್ಟು ಸಂಬಳದ ಅಂತರ ಯಾಕೆ ಎಂದು ಹೊಸ ಹುಡುಗಿಯರು ಇಂದಿಗೂ ನನ್ನನ್ನು ಕೇಳುತ್ತಾರೆ. ಓದಿಗೆ ಎಂದು ನಾನೂ ಬಹಳ ಕಾಲ ನಂಬಿದ್ದೆ. ಅಲ್ಲ. ಮನೆಗೆ ಹೋದ ಮೇಲೂ ಮುಗಿಯದ ಆ ಹೊಣೆಗೆ ಕೊಡುವ ಸಂಬಳ ಅದು. ರಿಸೆಪ್ಶನ್ನಿನ ಕುರ್ಚಿ ಬಿಟ್ಟು ಆ ಹೊಣೆಯನ್ನು ಕೇಳಿಕೊಂಡು ಆರು ವರ್ಷ ನಡೆದವಳನ್ನು ನಾನು ನನ್ನ ವೃತ್ತಿಯಲ್ಲಿ ಒಬ್ಬಳನ್ನೇ ಕಂಡಿದ್ದೇನೆ.