ಅಡಿವೆಪ್ಪ ಕಾಕಾನ ಹುಂಜ

ನಮ್ಮ ಪಕ್ಕದ ಮನೆಯ ಅಡಿವೆಪ್ಪ ಕಾಕಾ ಚಳಿಗಾಲದಲ್ಲಿ ಎದ್ದ ಕೂಡಲೇ ಹಿತ್ತಲಿಗೆ ಹೋಗಿ ಹುಂಜದ ಕಾಲು ಮುಟ್ಟುತ್ತಿದ್ದ. ಹೆತ್ತ ತಾಯಿಯ ಕಾಲನ್ನು ಅಷ್ಟು ಭಕ್ತಿಯಿಂದ ಮುಟ್ಟಿದ್ದನ್ನು ತಿಳವಳ್ಳಿಯಲ್ಲಿ ಯಾರೂ ಕಂಡಿಲ್ಲ. ಕಾಲು ತಣ್ಣಗಿದ್ದರೆ ಮುಗಿಯಿತು, ಹೆಂಡತಿ ರತ್ನವ್ವ ಕಾಕು ಆ ಕ್ಷಣಕ್ಕೆ ಎದ್ದು ಒಲೆ ಹೊತ್ತಿಸಬೇಕು. "ಥಂಡಿ ಮೊದಲ ಕಾಲಿಗೆ ಹತ್ತತೈತಿ ತಂಗಿ, ಆಮ್ಯಾಲೆ ಎದಿಗೆ ಇಳೀತೈತಿ" ಎಂದು ನನಗೆ ಪಾಠ ಹೇಳುತ್ತಿದ್ದ. ಕಾಲಿನಿಂದ ಎದೆಗೆ ಇಳಿಯುವ ಥಂಡಿಯನ್ನು ನಾನು ಕೇಳಿದ್ದು ಆತನ ಬಾಯಲ್ಲೇ.

ಆತ ಹೋದ ವರ್ಷ ತೀರಿಕೊಂಡ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ನಾನು ಆಡುವವಳೇ. ಬದುಕಿದ್ದಾಗ ಎದುರಿಗೇ ಆಡಿದ್ದೇನೆ, ಈಗೇಕೆ ಬಿಡಲಿ?

ಹೊಲವನ್ನು ಬೇರೆಯವರಿಗೆ ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟು ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಮೆಲ್ಲುವುದು ಆತನ ಉದ್ಯೋಗ. ಒಂದು ಕೊಡ ನೀರು ತಂದವನಲ್ಲ. ಆದರೆ ಹುಂಜದ ವಿಷಯ ಬಂತೆಂದರೆ ಮೈಯೆಲ್ಲ ಕೈ. ಗೂಡಿನೊಳಗೆ ದಿನಾ ಒಣ ಭತ್ತದ ಹೊಟ್ಟು, ಗಾಳಿ ಬರುವ ಕಡೆ ಗೋಣಿಚೀಲ, ಜುಟ್ಟಿಗೆ ಕೊಬ್ಬರಿ ಎಣ್ಣೆ. ಸಂಜೆಗೆ ಗೋವಿನಜೋಳದ ನುಚ್ಚಿನಲ್ಲಿ ಬೆಳ್ಳುಳ್ಳಿ ಜಜ್ಜಿ ಹಾಕಿ, "ಹೊಟ್ಟಿ ತುಂಬಿದ್ರ ರಾತ್ರಿ ಮೈಯಾಗ ಕಾವು ಇರತೈತಿ" ಎನ್ನುತ್ತಿದ್ದ. ಇಷ್ಟನ್ನು ನಮ್ಮವ್ವನೂ ಮಾಡುತ್ತಾಳೆ, ತಪ್ಪೇನಿಲ್ಲ. ಆದರೆ ಈ ಮಹಾಶಯ ಸೋಮವಾರಕ್ಕೊಮ್ಮೆ ಹುಂಜಕ್ಕೆ ಬಿಸಿನೀರಿನ ಜಳಕ ಮಾಡಿಸಿ, ಒಲೆಯ ಮುಂದೆ ತೊಡೆಯ ಮೇಲೆ ಕೂರಿಸಿಕೊಂಡು ಒಣಗಿಸುತ್ತಿದ್ದ. ಕೋಳಿಗೆ ಯಾರಾದರೂ ಜಳಕ ಮಾಡಿಸುತ್ತಾರೆಯೇ, ಶಿವನೇ! ಅದೂ ರೂಢಿಯಾಗಿ, ಮೈಮೇಲೆ ಬೆಚ್ಚನೆ ನೀರು ಬಿದ್ದರೆ ಆ ಹುಂಜ ಕಣ್ಣು ಮುಚ್ಚಿ ಸುಮ್ಮನೆ ನಿಲ್ಲುತ್ತಿತ್ತು.

ಅದೇ ಮನೆಯಲ್ಲಿ ಕಾಕು ರಾತ್ರಿಯಿಡೀ ಕೆಮ್ಮುತ್ತಿದ್ದಳು. "ಆಕಿಗೂ ಒಂಚೂರು ಕಷಾಯ ಕಾಸಿ ಕೊಡ್ರಿ ಕಾಕಾ" ಎಂದೆ ಒಮ್ಮೆ.

"ಆಕಿಗೆ ಬಾಯಿ ಐತಿ, ಬೇಕಂದ್ರ ಕೇಳ್ತಾಳ. ಇದಕ್ಕ ಬಾಯಿಲ್ಲ ಪಾಪ."

ಬಾಯಿಲ್ಲವಂತೆ! ನಸುಕಿಗೇ ಇಡೀ ಓಣಿಯನ್ನು ಎಬ್ಬಿಸುವ ಬಾಯಿ ಹಾಗಾದರೆ ಯಾರದು?

ಇಷ್ಟಕ್ಕೂ ಆ ಹುಂಜ ಆತನದಲ್ಲ, ದೇವಿಯದು. ಕಾಕುವಿಗೆ ಹೊಟ್ಟೆಯ ಆಪರೇಶನ್ ಆದಾಗ, ಉಳಿದು ಬಂದರೆ ಹುಂಜ ಕೊಡುತ್ತೇನೆಂದು ಆಕೆ ಊರ ಹೊರಗಿನ ದುರಗವ್ವಗೆ ಹರಕೆ ಹೊತ್ತಿದ್ದಳು. ಉಳಿದು ಬಂದಳು. ಒಂದು ಮರಿಯನ್ನು ಹರಕೆಗೆಂದು ತೆಗೆದಿಟ್ಟು, ಸಾಕುವ ಕೆಲಸವನ್ನು ಗಂಡನಿಗೆ ಹಚ್ಚಿದಳು. ಅಲ್ಲಿಂದ ಶುರುವಾಯಿತು ಆತನ ನೆಪ. ಇನ್ನೂ ತೂಕ ಬಂದಿಲ್ಲ, ಜುಟ್ಟು ಕೆಂಪಾಗಿಲ್ಲ, ಈಗ ಗರಿ ಉದುರಾಕತ್ತಾವು. ಕಾಕುವಿನ ಜೀವ ಮಾತ್ರ ಅಂಗೈಯಲ್ಲಿ. ಹೇಳಿದ್ದನ್ನು ಕೊಡದಿದ್ದರೆ ತಾಯಿ ಬಿಟ್ಟಾಳೆಯೇ ಎಂಬ ಹೆದರಿಕೆ. ಕೆಮ್ಮು ಬಂದಾಗಲೆಲ್ಲ ಆಕೆ ದೇವಿಯ ಗುಡಿಯತ್ತ ತಿರುಗಿ ಗಲ್ಲ ಬಡಿದುಕೊಳ್ಳುತ್ತಿದ್ದಳು.

ಕಡೆಗೆ ಒಂದು ಮಂಗಳವಾರ ಆಕೆ ಹಟ ಹಿಡಿದಳು. ನಾನೂ ಜೊತೆಗೆ ಹೋದೆ. ನಮ್ಮ ಕಡೆ ಹರಕೆಯ ಹುಂಜವನ್ನು ದೇವಿಯ ಮುಂದೆ ನಿಲ್ಲಿಸಿ ಮೈಮೇಲೆ ನೀರು ಹಾಕುತ್ತಾರೆ. ಅದು ಮೈ ಜಾಡಿಸಿದರೆ ತಾಯಿ ಒಪ್ಪಿದಳೆಂದು ಲೆಕ್ಕ. ಜಾಡಿಸದಿದ್ದರೆ, ಹರಕೆ ಹೊತ್ತವರಲ್ಲೇ ಏನೋ ಕೊರತೆ. ಮನೆಗೆಲಸಕ್ಕೆ ಎಂದೂ ಒಂದು ತಂಬಿಗೆ ಎತ್ತದ ಕಾಕಾ ಅವತ್ತು ನೀರಿನ ತಂಬಿಗೆಯನ್ನು ತಾನೇ ತುಂಬಿ, ವಸ್ತ್ರ ಮುಚ್ಚಿ ಹಿಡಿದುಕೊಂಡು ಬಂದ. ಆತನೇ ಸುರಿದ. ಹುಂಜ ಕಣ್ಣು ಮುಚ್ಚಿತು. ಮತ್ತೆ ಸುರಿದ. ಅದು ಸುಖವಾಗಿ ಕತ್ತು ಒಳಗೆಳೆದುಕೊಂಡು ನಿಂತಿತು.

ಪೂಜಾರಿ ತಲೆಯಲ್ಲಾಡಿಸಿದ. "ತಾಯಿ ಒಲ್ಲೆ ಅಂತಾಳವಾ. ಏನೋ ತಪ್ಪು ನಡದೈತಿ."

ಕಾಕುವಿನ ಮುಖ ಕಪ್ಪಿಟ್ಟಿತು. ಸಾಮಾನು ಎತ್ತಿಕೊಳ್ಳುವಾಗ ತಂಬಿಗೆ ನನ್ನ ಕೈಗೆ ಬಂತು. ತಳದಲ್ಲಿ ಉಳಿದಿದ್ದ ನೀರು ಇನ್ನೂ ಬೆಚ್ಚಗಿತ್ತು.

ಕಾಕು ಹಾಸಿಗೆ ಹಿಡಿದಳು. ಊಟ ಬಿಟ್ಟಳು, ಗುಳಿಗೆ ಬಿಟ್ಟಳು. "ನಾ ಉಳಿಯೂದು ತಾಯಿಗೆ ಬ್ಯಾಡಾಗೇತಿ" ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ಗಂಡ ಇವತ್ತು ಹೇಳುತ್ತಾನೆ, ನಾಳೆ ಹೇಳುತ್ತಾನೆ ಎಂದು ಕಾದೆ. ಎಲ್ಲಿಂದ ಹೇಳಬೇಕು? ಆತ ಹಿತ್ತಲಲ್ಲಿ ನುಚ್ಚು ನೆನೆಸುತ್ತಿದ್ದ.

"ಕಾಕಾ, ನೀರು ಕಾಸಿ ತಂದಿದ್ರಿ ಅಂತ ಆಕಿಗೆ ಹೇಳ್ತೀರೋ ಇಲ್ಲೋ?"

ಆತ ಗಾಬರಿಯಾಗಿ ಸುತ್ತ ನೋಡಿದ. "ಹೇಳಿದ್ರ ನಾಳೆನ ಇದನ್ನ ಒಯ್ತಾಳ ತಂಗಿ."

"ಕಾಕು ಹೋದ್ರ ಅಡ್ಡಿಯಿಲ್ಲೇನು ನಿಮಗ?"

ಆ ಮನುಷ್ಯ ಹುಂಜದ ಬೆನ್ನು ಸವರುತ್ತ ಏನೆಂದ ಗೊತ್ತೇ? "ಎಳ್ಳಮಾಸಿ ಹಬ್ಬ ಒಂದು ದಾಟ್ಲಿ."

ಥೂ! ಅವತ್ತು ಆತನ ಮುಖ ನೋಡಲು ನನಗೆ ಹೇಸಿಗೆಯಾಯಿತು. ನೆಟ್ಟಗೆ ಒಳಗೆ ಹೋಗಿ ಎಲ್ಲ ಹೇಳಿದೆ. ಕಾಕು ಎದ್ದು ಕೂತಳು. "ಬೆಚ್ಚಗಿತ್ತ? ಖರೇನ?" ಎಂದು ಎರಡು ಸಲ ಕೇಳಿದಳು. ಆಮೇಲೆ ನಗು ಬಂತು, ನಗುತ್ತ ಕೆಮ್ಮು ಬಂತು, ಕೆಮ್ಮುತ್ತ ಅಳು ಬಂತು. "ತಾಯಿ ಒಲ್ಲೆ ಅಂದಿಲ್ಲ ಹಂಗಾರ. ನನ್ನ ಗಂಡ ಅಂದಾನ." ಕಣ್ಣೊರೆಸಿಕೊಂಡು ರೊಟ್ಟಿ ಕೇಳಿದಳು.

ಮುಂದಿನ ಮಂಗಳವಾರ ಹುಂಜ ತಣ್ಣೀರಿಗೆ ತಟ್ಟನೆ ಮೈ ಜಾಡಿಸಿತು, ಹರಕೆ ತೀರಿತು. ಕಾಕು ಈಗಲೂ ಗಟ್ಟಿಮುಟ್ಟಾಗಿದ್ದಾಳೆ. ಆದರೆ ಕಾಕಾನ ಹೆಸರು ಬಂದರೆ ನನಗೆ ನೆನಪಾಗುವುದು ಆ ದಿನ ಮನೆ ಬಿಡುವಾಗ ಹೊಸ್ತಿಲಲ್ಲಿ ನಡೆದದ್ದು. ಕಾಕು ಹುಂಜವನ್ನು ಬಗಲಲ್ಲಿ ಹಿಡಿದು ಹೊರಟಿದ್ದಳು. ಹೊರಗೆ ಕೊರೆಯುವ ಗಾಳಿ. ಆತ ಅಡ್ಡ ಬಂದ. ಜಗಳವಾಡುತ್ತಾನೆ ಎಂದುಕೊಂಡೆ. ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ, ಹುಂಜದ ಮೈತುಂಬ ಸುತ್ತಿದ.

"ಗುಡಿ ಮುಟ್ಟೂತನಾ ಹಿಂಗ ಹೊಚ್ಚಿಕೊಂಡ ಒಯ್ಯಿ. ಥಂಡಿ ಹತ್ತತೈತಿ."

ಕಾಕು ಗಂಡನ ಮುಖವನ್ನೇ ನೋಡಿದಳು.

"ನನ್ನ ಆಪರೇಶನ್ನಿಗೆ ಕರ್ಕೊಂಡ ಹೋಗಾಗೂ ಹಿಂಗ ಥಂಡಿ ಇತ್ರೀ" ಎಂದಳು.

ಆಕೆ ಟವೆಲ್ಲು ಬಿಚ್ಚಿ, ತನ್ನ ಕಿವಿ ಮುಚ್ಚುವಂತೆ ಬಿಗಿಯಾಗಿ ಸುತ್ತಿಕೊಂಡು, ಹುಂಜವನ್ನು ಬರಿಮೈಯಲ್ಲೇ ಎತ್ತಿಕೊಂಡು ನಡೆದಳು.